ಬುಲೆಟ್ಟುಗಳಿಗೆ ಕಿವಿಗೊಡುವ ಮನೆ

ಬೆಳಗಿನ ಐದೂಕಾಲು. ರಾಜಾಜಿನಗರದ ಈ ಅಡ್ಡರಸ್ತೆಗೆ ಹಾಲಿನವನೂ ಇನ್ನೂ ಬಂದಿಲ್ಲ. ಜನವರಿಯ ಮಂಜು ಬೀದಿದೀಪಗಳ ಕೆಳಗೆ ನಿಂತಲ್ಲೇ ನಿಂತಿದೆ. ಅಂಜಿನಯ್ಯ ಒಂದು ಮನೆಯ ಗೇಟನ್ನು ಕಿರುಗುಟ್ಟದಂತೆ ಕೊಂಚ ಮೇಲೆತ್ತಿ ತೆಗೆಯುತ್ತಾರೆ. ಹೆಗಲಲ್ಲಿ ಖಾಕಿ ಚೀಲ, ತಲೆಗೆ ಮಫ್ಲರ್. ಗೊತ್ತಿಲ್ಲದವರು ನೋಡಿದರೆ ಕಳ್ಳ ಕಳ್ಳ ಎಂದು ಕೂಗಿಕೊಳ್ಳಬೇಕು. ಆದರೆ ಈ ಬೀದಿಯ ನಾಯಿಗಳು ಕೂಡ ಅವರನ್ನು ಕಂಡರೆ ಬೊಗಳುವುದಿಲ್ಲ. ಬೊಗಳಿದ್ದು ನನ್ನನ್ನು ನೋಡಿ.

ಒಳಗೆ ಮರದ ಕೆಳಗೆ ಪದ್ಮನಾಭ ಅವರ ಬುಲೆಟ್ ಮೋಟಾರ್‌ಸೈಕಲ್ ನಿಂತಿದೆ. ಪದ್ಮನಾಭ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್; ಈಗ ಒಳಗೆ ಗಾಢ ನಿದ್ದೆಯಲ್ಲಿದ್ದಾರೆ. ಅಂಜಿನಯ್ಯ ಜ್ವರ ನೋಡುವವರಂತೆ ಇಂಜಿನ್ನಿನ ಮೇಲೆ ಅಂಗೈ ಇಡುತ್ತಾರೆ. ತಣ್ಣಗಿದೆ. ಪಕ್ಕದ ಪುಟ್ಟ ಮುಚ್ಚಳ ಬಿಚ್ಚಿ, ಒಳಗಿರುವ ಎರಡು ತೆಳು ರಾಡುಗಳನ್ನು ಒಂದಾದ ಮೇಲೊಂದು ಬೆರಳುಗಳ ನಡುವೆ ಹಿಡಿದು ತಿರುಗಿಸುತ್ತಾರೆ. ಒಂದು ತಿರುಗುತ್ತದೆ, ಇನ್ನೊಂದು ಜಪ್ಪಯ್ಯ ಅನ್ನುವುದಿಲ್ಲ. ಸಣ್ಣ ಸ್ಪ್ಯಾನರಿನಿಂದ ಅದನ್ನು ಕೂದಲೆಳೆಯಷ್ಟು ಸಡಿಲಿಸಿ ಮತ್ತೆ ಹಿಡಿದು ನೋಡುತ್ತಾರೆ. ಅವರ ಕಣ್ಣು ಮುಚ್ಚಿದೆ. ನನಗೂ ಯಾಕೋ ಉಸಿರು ಬಿಗಿಹಿಡಿಯಬೇಕು ಅನ್ನಿಸುತ್ತದೆ.

“ಬತ್ತಿ ಹೊಸೀತೀವಲ್ಲ ಸಾರ್, ಹಂಗೆ ತಿರುಗ್ಬೇಕು. ಮೇಲೆ ಕೆಳಗೆ ಆಡಬಾರ್ದು,” ಅನ್ನುತ್ತಾರೆ ಪಿಸುದನಿಯಲ್ಲಿ. “ಇಂಜಿನ್ ರಾತ್ರಿಯೆಲ್ಲಾ ಆರಿರ್ಬೇಕು, ಆಗ್ಲೇ ಇದು ಗೊತ್ತಾಗೋದು. ಗಿರಾಕಿ ಓಡಿಸ್ಕೊಂಡು ಅಂಗಡೀಗೆ ಬಂದ್ರೆ ಅಷ್ಟೊತ್ತಿಗೆ ಕಾದಿರುತ್ತೆ. ಅದಕ್ಕೇ ನಾನೇ ಮನೆ ಬಾಗ್ಲಿಗೆ ಹೋಗ್ತೀನಿ.”

ಹದಿನೈದು ನಿಮಿಷದಲ್ಲಿ ಟ್ಯಾಪೆಟ್ಟು ಹದಮಾಡುವ ಈ ಕೆಲಸ ಮುಗಿದು, ಗೇಟು ಮತ್ತೆ ಸದ್ದಿಲ್ಲದೆ ಮುಚ್ಚುತ್ತದೆ. ಏಳೂವರೆಗೆ ಬೀದಿಯಲ್ಲಿ ಇಂಜಿನ್ನುಗಳು ಏಳುವ ಹೊತ್ತಿಗೆ ಅಂಜಿನಯ್ಯ ನಾಲ್ಕು ಮನೆ ಮುಗಿಸಿರುತ್ತಾರೆ. ರಾಜಾಜಿನಗರ, ಬಸವೇಶ್ವರನಗರ ಸೇರಿ ಅರವತ್ತು ಗಾಡಿಗಳು ಅವರ ಸುಪರ್ದಿಯಲ್ಲಿವೆ. ಎಲ್ಲಾ ಕಾಲ್ನಡಿಗೆಯ ಓಡಾಟ. ಅವರಿಗೆ ಸ್ವಂತ ಗಾಡಿಯಿಲ್ಲ. ನನ್ನ ಹಳೆಯ ಸ್ಕೂಟರಿನ ಟ್ಯಾಪೆಟ್ಟನ್ನೂ ಒಮ್ಮೆ ನೋಡಿಬಿಡಿ ಎಂದು ದೊಡ್ಡ ಮನುಷ್ಯನಂತೆ ಕೇಳಿದೆ. “ನಿಮ್ ಗಾಡೀಲಿ ಟ್ಯಾಪೆಟ್ಟೇ ಇಲ್ಲ ಸಾರ್,” ಎಂದು ನಕ್ಕರು. ಏಳು ವರ್ಷದಿಂದ ಇಲ್ಲದ ವಸ್ತುವಿನ ಬಗ್ಗೆ ಚಿಂತೆ ಮಾಡಿಕೊಂಡು ಬಂದಿದ್ದೇನೆ.

ಈ ಟ್ಯಾಪೆಟ್ಟಿನ ವಿಷಯವನ್ನು ನನ್ನಂಥವನಿಗೂ ತಿಳಿಯುವಂತೆ ಅವರು ಹೇಳುತ್ತಾರೆ. ಇಂಜಿನ್ನಿಗೆ ಎರಡು ಬಾಗಿಲು. ಒಂದರಲ್ಲಿ ಪೆಟ್ರೋಲಿನ ಗಾಳಿ ಒಳಕ್ಕೆ, ಇನ್ನೊಂದರಲ್ಲಿ ಹೊಗೆ ಹೊರಕ್ಕೆ. ಆ ಬಾಗಿಲುಗಳೇ ವಾಲ್ವ್. ಅವುಗಳನ್ನು ತಳ್ಳುವ ರಾಡಿಗೂ ಬಾಗಿಲಿಗೂ ಹದವಾದ ಸಡಿಲ ಇರಬೇಕು; ಅದನ್ನು ಹಿಡಿದಿಡುವುದೇ ಟ್ಯಾಪೆಟ್. ಸಡಿಲ ಹೆಚ್ಚಾದರೆ ಟಕಟಕ ಸದ್ದು. ಕಡಿಮೆಯಾದರೆ ಸದ್ದೇ ಇಲ್ಲ. ಆದರೆ ಬಾಗಿಲು ಪೂರ್ತಿ ಮುಚ್ಚದೆ, ಬೆಂಕಿ ಸಂದಿಯಲ್ಲಿ ನುಗ್ಗಿ ವಾಲ್ವ್ ಸುಟ್ಟುಹೋಗುತ್ತದೆ. ಜನ ಸದ್ದು ಬಂದರೆ ಗಾಬರಿಯಾಗಿ ಓಡಿಬರುತ್ತಾರೆ, ಸದ್ದು ನಿಂತರೆ ಗಾಡಿ ಬೆಣ್ಣೆಯಂತಾಯಿತು ಎಂದು ಹಿಗ್ಗುತ್ತಾರೆ. ಅಂಜಿನಯ್ಯನವರ ಕಷ್ಟವೆಲ್ಲ ಈ ಹಿಗ್ಗುವವರಿಂದ.

ಹಾಗಾದರೆ ಅರವತ್ತರಲ್ಲಿ ಯಾವ ಮನೆಯ ಗೇಟು ಯಾವತ್ತು ತೆಗೆಯಬೇಕೆಂದು ಗೊತ್ತಾಗುವುದು ಹೇಗೆ? ಇದಕ್ಕೇ ಅವರು ಹೆಸರುವಾಸಿ. ಯಾರೂ ಹೇಳಿಕಳಿಸಬೇಕಿಲ್ಲ. ಮಾಗಡಿ ರಸ್ತೆಯ ಹತ್ತಿರ ಅವರ ಎರಡು ಕೋಣೆಯ ಮನೆಯ ಮುಂದೆ ಒಂದು ಏರು ಇದೆ. ಸಂಜೆ ಕಾರ್ಖಾನೆ ಬಿಟ್ಟು ಬರುವವರು ಅಲ್ಲಿ ಗೇರ್ ಇಳಿಸಲೇಬೇಕು. ಆ ಒಂದು ಕ್ಷಣದ ಸದ್ದಿನಲ್ಲಿ ಇಂಜಿನ್ನು ತನ್ನ ಸುಖದುಃಖ ಹೇಳಿಕೊಂಡುಬಿಡುತ್ತದೆ. ‘ಅಂಜಿನಯ್ಯನ ಕಿವಿ ಅಂದ್ರೆ ಕಿವಿ’ ಎಂದು ಈ ಕಡೆಯ ಬುಲೆಟ್‌ನವರೆಲ್ಲ ಹೇಳುತ್ತಾರೆ. ಪತ್ರಿಕೆಗೆ ಬರೆಯಲೆಂದು ನಾನು ಅವರನ್ನು ಹುಡುಕಿಕೊಂಡು ಬಂದದ್ದೂ ಆ ಮಾತು ಕೇಳಿಯೇ.

ಆ ಕಿವಿಯನ್ನು ನೋಡಲೆಂದು ಅದೇ ದಿನ ಸಂಜೆ ಅವರ ಮನೆಗೆ ಹೋದೆ. ಜಗುಲಿಯಲ್ಲಿ ಹೆಂಡತಿ ಇಂದ್ರಮ್ಮ ಕನಕಾಂಬರ ಕಟ್ಟುತ್ತಿದ್ದರು. ಅಂಜಿನಯ್ಯನವರ ಬಲಕ್ಕೆ ಕುಳಿತು ಮೂರು ಪ್ರಶ್ನೆ ಕೇಳಿದೆ, ಒಂದಕ್ಕೂ ಉತ್ತರವಿಲ್ಲ. ಬಿಸಿಲು ಹಳದಿಯಾಗಿ, ಧೂಳು ಚಿನ್ನದಂತೆ ತೇಲುತ್ತಿತ್ತು. ಗಾಡಿಗಳು ಒಂದೊಂದಾಗಿ ಏರು ಹತ್ತಿ ಆ ಧೂಳಿನಲ್ಲಿ ಕರಗುತ್ತಿದ್ದವು. ಕನಸಿನಲ್ಲಿ ಕುಳಿತಂತಿತ್ತು. ಸ್ವಲ್ಪ ಹೊತ್ತಿನ ಮೇಲೆ ಗಮನಿಸಿದೆ. ಅಂಜಿನಯ್ಯ ರಸ್ತೆಯ ಕಡೆ ನೋಡುತ್ತಲೇ ಇಲ್ಲ. ಅವರ ಕಣ್ಣು ಇಂದ್ರಮ್ಮನವರ ಕೈಯ ಮೇಲಿದೆ. ಒಂದು ಬುಲೆಟ್ ಹೋಯಿತು, ಹೂ ಕಟ್ಟುವ ಕೈ ನಡೆದೇ ಇತ್ತು. ಇನ್ನೊಂದು ಹೋಯಿತು. ಮೂರನೆಯದು ಹೋದಾಗ ಕೈ ನಿಂತಿತು.

“ಮೂಲೆ ಮನೆಯೋರದು,” ಎಂದರು ಇಂದ್ರಮ್ಮ.

ಅಂಜಿನಯ್ಯ ನನ್ನ ಮುಖ ನೋಡಿದರು. “ಕಂಡುಬಿಟ್ರಾ ಸಾರ್?” ಎಂದು ಕೇಳಿ, ಬಚ್ಚಿಟ್ಟದ್ದನ್ನು ಹೇಳತೊಡಗಿದರು.

ಹನ್ನೊಂದು ವರ್ಷ ಅವರು ಇಂಡಸ್ಟ್ರಿಯಲ್ ಎಸ್ಟೇಟಿನ ಪ್ರೆಸ್ ಶಾಪೊಂದರಲ್ಲಿ ದುಡಿದವರು. ತಗಡು ಕತ್ತರಿಸುವ ಯಂತ್ರ ಅವರ ಬಲಕ್ಕಿತ್ತು. ಶಾಪು ಮುಚ್ಚಿತು, ಈ ಕಸುಬು ಹಿಡಿದರು. ಆದರೆ ಆ ಯಂತ್ರದ ಹೊಡೆತ ಕಿವಿಯೊಳಗೇ ಉಳಿದುಕೊಂಡು ಮೆಲ್ಲಮೆಲ್ಲನೆ ತಿನ್ನುತ್ತಿತ್ತು. ಬಲಗಿವಿ ಪೂರ್ತಿ ಹೋಗಿದೆ. ಎಡಗಿವಿಗೆ ಮಾತು ಕೇಳುತ್ತದೆ, ಟ್ಯಾಪೆಟ್ಟಿನ ನವಿರು ಸದ್ದು ಕೇಳುವುದಿಲ್ಲ.

“ಎರಡು ವರ್ಷದ ಹಿಂದೆ ಪದ್ಮನಾಭ ಸಾರ್ ಗಾಡಿ ಹೋಯ್ತು. ‘ರೀ, ಅದು ಸುಮ್ಮನಾಗ್ಬಿಟ್ಟಿದೆ’ ಅಂದ್ಳು ಇವ್ಳು. ನಿಂಗೇನೇ ಗೊತ್ತು, ಒಲೆ ಮುಂದೆ ಕೂತ್ಕೊ ಅಂತ ಬೈದೆ. ನಂಗೆ ಯಾವ್ ಗಾಡೀದೂ ಸದ್ದು ಕೇಳ್ತಿರ್ಲಿಲ್ಲ. ಎಲ್ಲಾ ಸರಿಯಾಗಿದೆ ಅಂದ್ಕೊಂಡಿದ್ದೆ. ಮೂರನೇ ದಿನ ವಾಲ್ವ್ ಸುಟ್ಟೋಯ್ತು. ಕೆಂಗೇರಿಯಿಂದ ತಳ್ಕೊಂಡು ಬಂದ್ರು ಪಾಪ. ಆಯಿಲ್ ಕೆಟ್ಟದಿರ್ಬೇಕು ಅಂತ ಅವರೇ ಹೇಳ್ಕೊಂಡ್ರು. ನಾನು ಹೂಂ ಅಂದ್ಬಿಟ್ಟೆ.”

ಆ ಒಂದು ‘ಹೂಂ’ ಅವರನ್ನು ಎರಡು ವರ್ಷದಿಂದ ಕೊರೆಯುತ್ತಿದೆ. ಅಂದಿನಿಂದ ಸಂಜೆ ಕೇಳುವುದು ಇಂದ್ರಮ್ಮ, ಬೆಳಿಗ್ಗೆ ಮುಟ್ಟಿ ಸರಿಮಾಡುವುದು ಅಂಜಿನಯ್ಯ. ಅದು ಈ ಜಗುಲಿಯ ಆಚೆ ಯಾರಿಗೂ ಗೊತ್ತಿಲ್ಲ.

ನಿಮಗೆ ಹೇಗಮ್ಮ ತಿಳಿಯುತ್ತದೆ ಎಂದು ಇಂದ್ರಮ್ಮನವರನ್ನು ಕೇಳಿದೆ. “ಬಳೆ ಥರಾ ಸಾರ್. ಕೈ ಆಡಿದ್ರೆ ಬಳೆ ಸದ್ದಾಗ್ಬೇಕು. ಸದ್ದಾಗ್ತಿಲ್ಲ ಅಂದ್ರೆ ಕೈ ಊದ್ಕೊಂಡು ಬಳೆ ಬಿಗಿಯಾಗಿದೆ ಅಂತ ತಾನೆ?” ಎಂದರು. ಇದಕ್ಕಿಂತ ಚೆನ್ನಾಗಿ ಇದನ್ನು ಯಾವ ಇಂಜಿನಿಯರೂ ನನಗೆ ತಿಳಿಸಿ ಹೇಳಲಾರ.

ಆದರೆ ಇದನ್ನು ಬರೆಯುವುದು ಬೇಡವೆಂದು ಅಂಜಿನಯ್ಯ ಕೈಮುಗಿದರು. “ಕಿವುಡ ಮೆಕ್ಯಾನಿಕ್ಕು, ಹೆಂಡ್ತಿ ಮಾತು ಕೇಳಿ ಇಂಜಿನ್ ಬಿಚ್ಚುತಾನೆ ಅಂದ್ರೆ ಯಾರ್ ಸಾರ್ ಗೇಟ್ ತೆಗೀತಾರೆ? ನಮ್ಗೆ ಬೇರೆ ಏನೂ ಇಲ್ಲ.” ನನಗೂ ಅಳುಕಾಯಿತು. ನಾಲ್ಕು ಕಾಲಂ ಬರಹಕ್ಕಾಗಿ ಒಂದು ಸಂಸಾರದ ಅನ್ನಕ್ಕೆ ಕಲ್ಲು ಹಾಕುವ ಮನಸ್ಸು ಯಾರಿಗೆ ಬರುತ್ತದೆ? ಪುಸ್ತಕ ಮುಚ್ಚಿಟ್ಟೆ. ಹೊರಡಲು ಎದ್ದಾಗ ಅಂಜಿನಯ್ಯ ತಡೆದರು. “ಮೊದ್ಲು ಪದ್ಮನಾಭ ಸಾರ್‌ಗೆ ಹೇಳ್ಬೇಕು. ಅವ್ರು ಆಗಲ್ಲ ಅಂದ್ರೆ ಬಿಡಿ, ಬರೀಬೇಡಿ,” ಎಂದರು.

ಮರುದಿನ ಬೆಳಿಗ್ಗೆ ಪದ್ಮನಾಭ ಏಳುವವರೆಗೂ ಅಂಜಿನಯ್ಯ ಗೇಟಿನ ಹೊರಗೇ ಕಾದರು. ಅವರು ಬಂದಾಗ ನಿಂತುಕೊಂಡೇ ಎಲ್ಲವನ್ನೂ ಹೇಳಿದರು, ಆ ‘ಹೂಂ’ ಕೂಡ. ಪದ್ಮನಾಭ ಅವರ ಮುಖ ಕೆಂಪಾಯಿತು. ಕೆಂಗೇರಿಯಿಂದ ತಳ್ಳಿದ್ದು ಅಷ್ಟು ಬೇಗ ಮರೆಯುವಂಥದಲ್ಲ.

“ಇಷ್ಟು ದಿನ ನನ್ನತ್ರ ಸುಳ್ಳು ಹೇಳಿದ್ರಲ್ರೀ,” ಎಂದರು. ಅಂಜಿನಯ್ಯ ತಲೆ ತಗ್ಗಿಸಿದರು. ಪದ್ಮನಾಭ ಗಾಡಿಯ ಕಡೆ ನೋಡಿ, ಮತ್ತೆ ಇವರನ್ನು ನೋಡಿ, “ನಿನ್ನೆ ಸರಿಮಾಡಿದ್ದು ನಿಮ್ಮನೆಯವರು ಹೇಳಿದ್ದಕ್ಕಾ?” ಎಂದು ಕೇಳಿದರು.

“ಹೂಂ ಸಾರ್.”

“ಹಂಗಾದ್ರೆ ಅವರಿಗೇ ಕೇಳಿಸ್ಕೊಳ್ತಾ ಇರೋಕೆ ಹೇಳಿ. ನೀವು ಬರ್ತಾ ಇರಿ,” ಎಂದವರೇ ಒಳಗೆ ಹೋದರು. ಕಾಫಿಗೆ ಕರೆಯಲಿಲ್ಲ. ಆದರೆ ಗೇಟು ಹಾಕಿಕೊಳ್ಳಲೂ ಇಲ್ಲ.

ಉಳಿದ ಐವತ್ತೊಂಬತ್ತು ಮನೆಯವರು ಇದನ್ನು ಓದಿ ಏನನ್ನುತ್ತಾರೋ ನನಗೆ ಗೊತ್ತಿಲ್ಲ. ಅಂಜಿನಯ್ಯನವರಿಗೂ ಗೊತ್ತಿಲ್ಲ, ಆದರೂ ಬರೆಯಿರಿ ಎಂದರು. ಇಂದ್ರಮ್ಮನವರನ್ನು ಕೇಳದೆ ಬರೆಯಲು ನನಗೆ ಧೈರ್ಯವಾಗಲಿಲ್ಲ. ನಡೆದದ್ದನ್ನು ಹೇಳಿ, ನಿಮ್ಮ ಬಗ್ಗೆ ಏನೆಂದು ಬರೆಯಲಮ್ಮ ಎಂದೆ. ಅವರು ಸೆರಗಿಗೆ ಕೈ ಒರೆಸಿಕೊಂಡರು.

“ನಂಗೆ ಇಂಜಿನ್ ಬಗ್ಗೆ ಏನೂ ಗೊತ್ತಿಲ್ಲ ಸಾರ್. ಎರಡು ವರ್ಷದಿಂದ ಒಂದು ವಾಲ್ವೂ ಸುಟ್ಟಿಲ್ಲ. ಅಷ್ಟು ಬರ್ಕೊಳ್ಳಿ.”