ಮೀನು ಟೆಂಪೋದ ಬಾಗಿ

ಯಡ್ತರೆಯ ಬಾಗಿ ಇಪ್ಪತ್ತೆಂಟು ವರ್ಷದಿಂದ ಮೀನು ಮಾರುತ್ತ ಬಂದವಳು. ಬೆಳಿಗ್ಗೆ ಗಂಗೊಳ್ಳಿಯಲ್ಲಿ ಬುಟ್ಟಿ ತುಂಬಿಸಿ, ಮುತ್ತ ಓಡಿಸುವ ಹಳೇ ಟೆಂಪೋದಲ್ಲಿ ಅವನ ಪಕ್ಕ ಕುಳಿತು ಬೈಂದೂರಿಗೆ ಬರುತ್ತಿದ್ದಳು. ಮೀನಿನ ಉಪ್ಪುನೀರು ಸೋರಿ ಸೋರಿ ಆ ಗಾಡಿಯ ಅಡಿಯೆಲ್ಲ ತುಕ್ಕು ತಿಂದಿತ್ತು. ಆಕ್ಸಿಲರೇಟರ್ ಕೇಬಲ್ ಸಿಕ್ಕಿಕೊಳ್ಳುತ್ತದೆ ಎಂದು ಮುತ್ತ ಎರಡು ಸಲ ಮಾಲೀಕನಿಗೆ ಹೇಳಿದ್ದ. ಎಣ್ಣೆ ಬಿಡು ಎಂದಷ್ಟೇ ಹೇಳಿ ಅವನು ಕಳಿಸಿದ್ದ.

ಕಳೆದ ವರ್ಷ ಒಂದು ಬೆಳಿಗ್ಗೆ, ಕಿರಿಮಂಜೇಶ್ವರ ದಾಟಿದ ಮೇಲೆ, ಮುತ್ತ ಲಾರಿಯೊಂದನ್ನು ಹಿಂದೆ ಹಾಕಲು ಪೆಡಲ್ ಒತ್ತಿದ. ಕಾಲು ತೆಗೆದರೂ ಟೆಂಪೋದ ಓಟ ಏರುತ್ತಲೇ ಹೋಯಿತು.

"ಪೆಡ್ಲ್ ಮೇಲ್ ಬತ್ತಿಲ್ಲೆ ಬಾಗಕ್ಕ," ಎಂದ.

"ಗೇರ್ ತೆಗಿ."

ಅವನು ಬ್ರೇಕನ್ನೇ ತುಳಿಯುತ್ತಿದ್ದ. ಸುಟ್ಟ ವಾಸನೆ ಬಂತು, ಆಮೇಲೆ ಬ್ರೇಕ್ ಹಿಡಿಯಲೇ ಇಲ್ಲ. ಕೊನೆಗೆ ಗೇರ್ ತೆಗೆದಾಗ ಇಂಜಿನ್ ಅರಚಿತು. ಬಸ್ ಸ್ಟಾಪಿನಲ್ಲಿ ಮಂದಿ ನಿಂತಿದ್ದರು. ಅವರನ್ನು ತಪ್ಪಿಸಿ ಪಕ್ಕದ ಕೆಂಪುಕಲ್ಲಿನ ಗೋಡೆಗೆ ನುಗ್ಗಿಸಿದ. ಅಲ್ಲಿ ಟೈಲರ್ ಸುಧೀರ್ ಸ್ಕೂಟರ್ ನಿಲ್ಲಿಸುತ್ತಿದ್ದ. ಅವನ ಬಲಗಾಲು ಟೆಂಪೋಗೂ ಗೋಡೆಗೂ ನಡುವೆ ಸಿಕ್ಕಿ ಜಜ್ಜಿಹೋಯಿತು.

ಕೆಲವರು ಟೆಂಪೋ ಹಿಂದೆ ದಬ್ಬಿ ಅವನನ್ನು ಬಿಡಿಸಿದರು. ಉಳಿದವರು ಮುತ್ತನ ಕೂದಲು ಹಿಡಿದು ಹೊರಗೆಳೆದು ತುಳಿದರು. "ಕುಡ್ಕಂಡ್ ಗಾಡಿ ಬಿಡ್ತ್ಯಾ?" ಎನ್ನುತ್ತ ಹೋಟೆಲಿನ ರವಿರಾಜ್ ಸೌದೆಯಿಂದ ಅವನ ಮುಖಕ್ಕೆ ಬಾರಿಸಿದ. ಎಡಗಣ್ಣಿನಿಂದ ರಕ್ತ ಸುರಿಯಿತು. ಗುದ್ದಿದ ರಭಸಕ್ಕೆ ಹಣೆ ಒಡೆದಿದ್ದ ಬಾಗಿ ಇಳಿದು ಬಂದು ಮುತ್ತನ ಮೇಲೆ ಕವುಚಿ ಬಿದ್ದಳು. ಮುಂದಿನ ಪೆಟ್ಟಿಗೆ ಅವಳ ಮೊಣಕೈ ಮುರಿಯಿತು.

ಅವಳು ಎದ್ದು, ಇನ್ನೊಂದು ಕೈಯಿಂದ ರವಿರಾಜನ ಅಂಗಿ ಹಿಡಿದು ಟೆಂಪೋದ ಬಾಗಿಲಿಗೆ ಎಳೆದೊಯ್ದಳು. ಒಳಗೆ ಯಾರೂ ಇರಲಿಲ್ಲ. ಇಂಜಿನ್ ಇನ್ನೂ ಅರಚುತ್ತಿತ್ತು. ಪೆಡಲ್ ನೆಲಕ್ಕೆ ಕಚ್ಚಿಕೊಂಡಿತ್ತು.

"ಮುತ್ತ ಅಲ್ಲ್ ಬಿದ್ಕಂಡಿದ್ದ. ಇಲ್ಲ್ ಯಾರ್ ಒತ್ತುತಾ ಇದ್ರ್, ಕಾಣ್."

ರವಿರಾಜ್ ಬಗ್ಗಿ ನೋಡಿದ. ಯಾರೋ ಕೀ ತಿರುಗಿಸಿ ಇಂಜಿನ್ ನಿಲ್ಲಿಸಿದರು. ಆಗ ಮುತ್ತನ ನರಳಾಟ ಎಲ್ಲರಿಗೂ ಕೇಳಿಸಿತು.

ಸುಧೀರನ ಕಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಬೇಕಾಯಿತು. ಮುತ್ತನ ಎಡಗಣ್ಣು ಹೋಯಿತು. ಬಾಗಿ ಪೊಲೀಸರಿಗೆ ಮಾಲೀಕನ ಹೆಸರನ್ನೂ ಹೇಳಿದಳು, ರವಿರಾಜನ ಹೆಸರನ್ನೂ ಹೇಳಿದಳು. ವಾರ ಕಳೆದು ರವಿರಾಜ್ ಅವಳ ಮನೆಗೆ ಬಂದ.

"ತಪ್ಪಾಯ್ತ್ ಬಾಗಕ್ಕ. ನನ್ನ್ ಹೆಸ್ರ್ ಬಿಟ್ಬಿಡಿ."

"ನನ್ ಹತ್ರ ಎಂತಕೆ? ಮುತ್ತನ್ ಹತ್ರ ಹೋಯಿ ಹೇಳ್."

ಅವನು ಹೋಗಲಿಲ್ಲ. ಬಾಗಿ ಹೆಸರು ಬಿಡಲೂ ಇಲ್ಲ.

ಅವಳ ಕೈ ಈಗ ಪೂರ್ತಿ ನೇರವಾಗುವುದಿಲ್ಲ, ಬುಟ್ಟಿ ತಲೆಗೇರಿಸಲು ಇನ್ನೊಬ್ಬರು ಬೇಕು. ಮಾಲೀಕ, ರವಿರಾಜ್ ಇಬ್ಬರ ಮೇಲೂ ಕೇಸು ನಡೆಯುತ್ತಿದೆ. ತಾರೀಕು ಬಂದ ದಿನ ಮಾರಾಟ ಬಿಟ್ಟು ಕೋರ್ಟಿಗೆಂದು ಕುಂದಾಪುರದ ಬಸ್ಸು ಹತ್ತುತ್ತಾಳೆ. ಕೃತಕ ಕಾಲು ಹಾಕಿಸಿಕೊಂಡ ಸುಧೀರನೂ ಅದೇ ಬಸ್ಸಿನಲ್ಲಿ ಬರುತ್ತಾನೆ, ಮುತ್ತನ ಪರ ಸಾಕ್ಷಿ ಹೇಳಲು.