ಮೇಷ್ಟ್ರ ಕಾರಿಲ್ಲದ ಗ್ಯಾರೇಜು

ನಮ್ಮ ಎದುರು ಮನೆಯ ಮೇಷ್ಟ್ರು ಕಾರು ಕೊಳ್ಳುವ ಮೊದಲೇ ಗ್ಯಾರೇಜು ಕಟ್ಟಿಸಿದ್ದರು. ಕಾರು ಕೊನೆಗೂ ಬರಲಿಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತರಾದವರಿಗೆ ಜಯನಗರದಲ್ಲಿ ಮನೆ ಎದ್ದು ನಿಂತದ್ದೇ ಹೆಚ್ಚು. ಆ ಗ್ಯಾರೇಜು ಖಾಲಿ ಇರದಿದ್ದರೆ ನಮ್ಮತ್ತೆಯ ಎಡಗಾಲು ಉಳಿಯುತ್ತಿರಲಿಲ್ಲ ಎಂದು ನಾನು ಇವತ್ತಿಗೂ ನಂಬಿದ್ದೇನೆ.

ಅರವತ್ತರ ದಶಕದ ಮಾತು. ನಾನು ಸೊಸೆಯಾಗಿ ಬಂದು ಎರಡು ವರ್ಷವಾಗಿತ್ತು. ಅತ್ತೆಗೆ ಸಕ್ಕರೆ ಕಾಯಿಲೆ ಇರುವುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಆದರೆ ಅದನ್ನು ಯಾರೂ ಕಾಯಿಲೆ ಎಂದು ಎಣಿಸಿರಲಿಲ್ಲ. ಕಾಫಿಗೆ ಸಕ್ಕರೆ ಕಡಿಮೆ ಹಾಕಿದರೆ ಮುಗಿಯಿತು ಎಂದುಕೊಂಡಿದ್ದೆವು. ಹೀಗಿರುವಾಗ ಅವರ ಎಡಗಾಲಿನ ಹೆಬ್ಬೆರಳಿಗೆ ಈಳಿಗೆಮಣೆ ತಾಗಿತು. ಎರಡು ತಿಂಗಳಾದರೂ ಗಾಯ ಮಾಯಲಿಲ್ಲ. ಆಸ್ಪತ್ರೆಯ ಡಾಕ್ಟರು ನನ್ನನ್ನೂ ನನ್ನ ಗಂಡನನ್ನೂ ಹೊರಗೆ ಕರೆದು, ಸಕ್ಕರೆ ಹತೋಟಿಗೆ ಬಾರದಿದ್ದರೆ ಬೆರಳು ತೆಗೆಯಬೇಕಾಗುತ್ತದೆ, ಅಲ್ಲಿಗೇ ನಿಲ್ಲುತ್ತದೆ ಎಂದು ಮಾತು ಕೊಡಲಾರೆ ಎಂದರು. ದಿನಾ ಬೆಳಿಗ್ಗೆ ಮೂತ್ರ ಪರೀಕ್ಷೆ ಮಾಡಿ, ಬಂದ ಬಣ್ಣವನ್ನು ಬರೆದಿಟ್ಟು, ತಿಂಗಳ ಕೊನೆಗೆ ತಂದು ತೋರಿಸಬೇಕಿತ್ತು. ನಾನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿದವಳು. ಇದೇನು ಮಹಾ ಎಂದು ನೀಲಿ ದ್ರಾವಣದ ಸೀಸೆಯನ್ನೂ ಗಾಜಿನ ನಳಿಕೆಯನ್ನೂ ಜಂಬದಿಂದಲೇ ಹಿಡಿದುಕೊಂಡು ಮನೆಗೆ ಬಂದೆ.

ಜಂಬ ಒಲೆಯ ಹತ್ತಿರ ಇಳಿಯಿತು. ನೀಲಿ ದ್ರಾವಣಕ್ಕೆ ಎಂಟು ಹನಿ ಮೂತ್ರ ಬಿಟ್ಟು ಕುದಿಸಬೇಕು. ಸಕ್ಕರೆ ಇಲ್ಲದಿದ್ದರೆ ನೀಲಿ ಹಾಗೇ ಉಳಿಯುತ್ತದೆ. ಇದ್ದರೆ ಹಸಿರು, ಹಳದಿ, ಕಿತ್ತಳೆ, ತೀರಾ ಹೆಚ್ಚಿದ್ದರೆ ಇಟ್ಟಿಗೆಯ ಕೆಂಪು. ಅತ್ತೆ ಮಡಿಯವರು. ನೈವೇದ್ಯ ಬೇಯುವ ಮನೆಯಲ್ಲಿ ಇದನ್ನು ಕುದಿಸುವುದೇ ಎಂದು ಕಿವಿ ಮುಚ್ಚಿಕೊಂಡರು. ಬಚ್ಚಲೊಲೆಯಲ್ಲಿ ಮಾಡ್ತೀನಿ ಎಂದೆ, ಆ ನೀರಲ್ಲೇ ತಮ್ಮ ಮಡಿಸ್ನಾನ ಎಂದರು. ಹಿತ್ತಲಲ್ಲಿ ಎಂದೆ, ಅಲ್ಲಿ ತುಳಸಿಕಟ್ಟೆ ಇತ್ತು. ನನ್ನ ಗಂಡ ಪೇಪರಿನ ಹಿಂದೆ ಮುಖ ಮರೆಸಿಕೊಂಡು ಕೂತರು. ಅಮ್ಮನಿಗೂ ಹೆಂಡತಿಗೂ ಮಾತು ಬೆಳೆದಾಗಲೆಲ್ಲ ಅವರಿಗೆ ಪೇಪರಿನಲ್ಲಿ ಓದುವುದು ಬಹಳ ಇರುತ್ತಿತ್ತು.

ಆಗ ನೆರವಿಗೆ ಬಂದವರು ಮೇಷ್ಟ್ರು. ಅವರಿಗೂ ಸಕ್ಕರೆ ಇತ್ತು. ದಿನಾ ಬೆಳಿಗ್ಗೆ ಗ್ಯಾರೇಜಿನಲ್ಲಿ ಸ್ಪಿರಿಟ್ ದೀಪ ಹಚ್ಚಿ ತಮ್ಮ ಪರೀಕ್ಷೆ ತಾವೇ ಮಾಡಿಕೊಳ್ಳುತ್ತಿದ್ದರು. ಅತ್ತೆಯ ಮೂತ್ರದ ಬಾಟಲಿಯನ್ನೂ ಅಲ್ಲಿಗೇ ತರಲು ಹೇಳಿದರು. ಯಾರಿಂದ ಯಾರಿಗೆ ಸುದ್ದಿ ಮುಟ್ಟಿತೋ, ಕೆಲವೇ ದಿನದಲ್ಲಿ ಐದಾರು ಜನ ಸೆರಗಿನಲ್ಲೋ ಟವೆಲಿನಲ್ಲೋ ಬಾಟಲಿ ಮರೆಮಾಡಿಕೊಂಡು ಬರತೊಡಗಿದರು. ಮೇಷ್ಟ್ರು ಶಾಲೆಯ ಹಳೆಯ ಬೆಂಚೊಂದನ್ನು ತರಿಸಿ ಹಾಕಿದರು. ಬಣ್ಣ ಏಳುವವರೆಗೆ ಎಲ್ಲರೂ ಹಿಂದಿನ ದಿನ ಏನು ತಿಂದೆವು ಎಂದು ಒಪ್ಪಿಸಬೇಕು. ಬರಿಗಾಲಲ್ಲಿ ಓಡಾಡಬಾರದು, ಉಗುರನ್ನು ಮೂಲೆಗೆ ಇಳಿಸಿ ಕತ್ತರಿಸಬಾರದು, ರಾತ್ರಿ ಮಲಗುವ ಮುಂಚೆ ಕನ್ನಡಿ ಹಿಡಿದು ಅಂಗಾಲು ನೋಡಿಕೊಳ್ಳಬೇಕು, ರಾಗಿಮುದ್ದೆ ಒಳ್ಳೆಯದೆಂದು ಮೂರು ನುಂಗಿದರೆ ಒಳ್ಳೆಯದಲ್ಲ. ಆಸ್ಪತ್ರೆಯಲ್ಲಿ ಡಾಕ್ಟರಿಗೆ ಹೇಳಲು ಪುರುಸೊತ್ತಿಲ್ಲದ, ನಮಗೆ ಕೇಳಲು ಧೈರ್ಯವಿಲ್ಲದ ಇಂಥ ಮಾತೆಲ್ಲ ನಾವು ಕಲಿತದ್ದು ಆ ಬೆಂಚಿನ ಮೇಲೆ.

ನನ್ನ ಜೊತೆ ಬಂದು ಕೂರುತ್ತಿದ್ದ ಅತ್ತೆ ಮಾತ್ರ ಒಪ್ಪಿಸುವಾಗ ಬಿಗುಮಾನ ಬಿಡುತ್ತಿರಲಿಲ್ಲ. ಆ ಬಿಗುಮಾನ ಹೆಚ್ಚಾದದ್ದು ಹಾಲಿನಮ್ಮ ಬಂದು ಅದೇ ಬೆಂಚಿನಲ್ಲಿ ಕೂತ ಮೇಲೆ.

ಹಾಲಿನಮ್ಮ ಪಕ್ಕದ ಹಳ್ಳಿಯವರು. ನಮಗೆ ಹಾಲು ಹಾಕುತ್ತಿದ್ದರು. ಬಡಾವಣೆ ಆಗುವ ಮೊದಲು ನಮ್ಮ ಮನೆ ಇರುವ ಜಾಗ ಅವರ ಮಾವನ ಹೊಲ. ನಿಮ್ಮ ದೇವರ ಮನೆ ಇರೋ ಕಡೆ ಹುರುಳಿ ಚೆನ್ನಾಗಿ ಬರ್ತಿತ್ತು ಎಂದು ನಗುತ್ತಲೇ ಹೇಳುವರು. ಅತ್ತೆಗೂ ಅವರಿಗೂ ದಿನಾ ಜಟಾಪಟಿ. ಅತ್ತೆ ಹಾಲಿಗೆ ಬೆರಳದ್ದಿ ಎತ್ತಿ ಹಿಡಿದು, ಇದರಲ್ಲಿ ಹಸು ಕೊಟ್ಟದ್ದೆಷ್ಟು ಬಾವಿ ಕೊಟ್ಟದ್ದೆಷ್ಟು ಎಂದು ಕೇಳದೆ ಪಾತ್ರೆ ಒಳಗೆ ಒಯ್ದವರಲ್ಲ. ಹಾಲಿನಮ್ಮನಿಗೂ ಸಕ್ಕರೆ ಎಂದು ತಿಳಿದಾಗ ನಾನೇ ಅವರನ್ನು ಗ್ಯಾರೇಜಿಗೆ ಕರೆದೊಯ್ದೆ. ಅವರಿಗೆ ಓದು ಬಾರದು. ಗೋಡೆಯ ಮೇಲೆ ಮೇಷ್ಟ್ರು ಬಣ್ಣದ ಹೆಸರು ಬರೆದು ಅಂಟಿಸಿದ್ದ ಕಾಗದ ಅವರಿಗೆ ಉಪಯೋಗವಿಲ್ಲ. ನನ್ನ ಟ್ರಂಕಿನಲ್ಲಿ ರವಿಕೆ ಕಣಗಳು ಬೇಕಾದಷ್ಟು ಬಿದ್ದಿದ್ದವು. ನೀಲಿ, ಗಿಳಿಹಸಿರು, ಅರಿಸಿನ, ಕಿತ್ತಳೆ, ಇಟ್ಟಿಗೆ ಬಣ್ಣದ ತುಂಡುಗಳನ್ನು ಸಾಲಾಗಿ ಹೊಲಿದು ಮೊಳೆಗೆ ತೂಗುಹಾಕಿದೆ. ಹಾಲಿನಮ್ಮ ನಳಿಕೆಯನ್ನು ಬಟ್ಟೆಯ ಪಕ್ಕ ಹಿಡಿದು ತಾವೇ ನೋಡಿಕೊಳ್ಳುವರು. ಓದು ಬಲ್ಲವರೂ ಮೇಷ್ಟ್ರ ಕಾಗದ ಬಿಟ್ಟು ನನ್ನ ಬಟ್ಟೆಯನ್ನೇ ನೋಡತೊಡಗಿದರು ಎನ್ನುವುದನ್ನು ಇಲ್ಲಿ ಹೇಳದೆ ಇರಲಾರೆ.

ಹಾಲಿನಮ್ಮ ಬಂದ ಮೊದಲ ವಾರ ಅತ್ತೆಯ ನಳಿಕೆ ಕಿತ್ತಳೆ, ಹಾಲಿನಮ್ಮನದು ಹಸಿರು. ಅತ್ತೆಯ ಮುಖ ಇಷ್ಟೇ ಇಷ್ಟಾಯಿತು. ಎರಡನೆಯ ವಾರದಿಂದ ಅತ್ತೆಯದು ಹಸಿರಾಯಿತು, ಆಮೇಲೆ ದಿನವೂ ನೀಲಿ. ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ನಾನು ಪಥ್ಯ ಮಾಡಿ ಬಡಿಸಿದ್ದಕ್ಕೇ ಇದು ಎಂದು ತವರಿಗೆ ಕಾಗದವನ್ನೂ ಬರೆದೆ. ಆದರೆ ಗಾಯ ಹಾಗೇ ಇತ್ತು. ಪಟ್ಟಿ ಬಿಚ್ಚಿದರೆ ಅಂಚು ಕಪ್ಪಾಗುತ್ತಿತ್ತು. ನೀಲಿ ಬಂದ ಮೇಲೆ ಮಾಯಲೇಬೇಕು, ಇನ್ನು ಸ್ವಲ್ಪ ದಿನ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಒಂದು ಬೆಳಿಗ್ಗೆ ಹಾಲಿನಮ್ಮ ಹಿತ್ತಲ ಬಾಗಿಲಿಗೆ ಬಂದರು. ನಾನು ಒಳಗೆ ಬೇಳೆ ಆರಿಸುತ್ತಿದ್ದೆ. ಅತ್ತೆ ಎಂದಿನಂತೆ ಹಾಲಿಗೆ ಬೆರಳದ್ದಿದರು. ಹಾಲಿನಮ್ಮ ಎಂದಿನಂತೆ ಜಗಳಕ್ಕೆ ನಿಲ್ಲಲಿಲ್ಲ. ಬಿಂದಿಗೆ ಕೆಳಗಿಟ್ಟು ದನಿ ತಗ್ಗಿಸಿದರು.

"ಅಮ್ಮಾವ್ರೆ, ಬಾಟ್ಲಿ ನೀಲಿ ಅಂತದೆ. ನಿಮ್ಮ ಬಚ್ಚಲ ಮೋರೀಲಿ ಇರುವೆಗಳು ಬೇರೇನೇ ಹೇಳ್ತವೆ."

ಅತ್ತೆ ಬೆರಳನ್ನು ಸೆರಗಿಗೆ ಒರೆಸಿಕೊಂಡರು.

"ಬಾಟ್ಲೀಗೆ ನೀರು ಬೆರೆಸಿದ್ದು ನನ್ ಕಣ್ಣಿಗೆ ಗೊತ್ತಾಗಲ್ವಾ? ಬೇಸ್ಗೇಲಿ ಹಸು ಬತ್ತಿದಾಗ ನಾನೂ ಹಾಕಿದೀನಿ, ನೀವು ಹೇಳಿದ್ದು ಸುಳ್ಳಲ್ಲ. ನಾನು ಹಾಲಿಗೆ ಹಾಕಿದ್ರೆ ನಿಮ್ಮ ಕಾಫಿ ಕೆಡ್ತಿತ್ತು, ಅಷ್ಟೆ. ನೀವು ಇದಕ್ಕೆ ಹಾಕಿದ್ರೆ ಕಾಲು ಹೋಗ್ತದೆ."

ನನ್ನ ಕೈಯಲ್ಲಿದ್ದ ಮೊರ ಅಲ್ಲೇ ನಿಂತಿತು. ಮೋರಿಯ ಹತ್ತಿರ ಇರುವೆ ಸಾಲುಗಟ್ಟುವುದನ್ನು ನಾನು ದಿನಾ ನೋಡುತ್ತಿದ್ದೆ. ದಿನಾ ಫಿನಾಯಿಲು ಸುರಿದು ತೊಳೆಯುತ್ತಿದ್ದೆ. ಮೂತ್ರದಲ್ಲಿ ಸಕ್ಕರೆ ಇದ್ದರೇನೇ ಇರುವೆ ಮುತ್ತುವುದು ಎಂದು ರಸಾಯನಶಾಸ್ತ್ರ ಓದಿದ ನನಗೆ ಹೊಳೆಯದೆ ಹೋದದ್ದನ್ನು ಅವರು ಹಾಲು ಹಾಕಲು ಬಂದು ಹೋಗುವಷ್ಟರಲ್ಲಿ ಕಂಡಿದ್ದರು. ಆ ಕ್ಷಣದಷ್ಟು ನಾಚಿಕೆ ನನಗೆ ಮತ್ತೆಂದೂ ಆಗಿಲ್ಲ.

ಅತ್ತೆ ಹಾಲಿನ ಪಾತ್ರೆಯನ್ನು ಕೆಳಗಿಟ್ಟರು. ಆಮೇಲೆ, ಎಲ್ಲರೆದುರು ಕೆಂಪು ಬಂದರೆ ಮರ್ಯಾದೆ ಹೋಗುತ್ತದೆ ಅನ್ನಿಸಿತು, ದಿನಾ ಸೂಜಿ ಚುಚ್ಚುತ್ತಾರೆ ಎಂಬ ಭಯವೂ ಇತ್ತು ಎಂದು ಮೆಲ್ಲಗೆ ಹೇಳಿದರು. ಹಾಲಿನಮ್ಮ ಮೆಟ್ಟಿಲ ಮೇಲೆ ಕೂತು ಕೇಳಿಸಿಕೊಂಡರು. ಅಷ್ಟು ವರ್ಷದಲ್ಲಿ ಅವರು ಅಲ್ಲಿ ಕೂತದ್ದು ಅದೇ ಮೊದಲು.

ಮರುದಿನ ಅತ್ತೆ ಬಾಟಲಿಯನ್ನು ನನ್ನ ಕೈಗೆ ಕೊಡದೆ ತಾವೇ ಕುಂಟುತ್ತಾ ಒಯ್ದು ಮೇಷ್ಟ್ರ ಮುಂದಿಟ್ಟರು. ಬಂದದ್ದು ಇಟ್ಟಿಗೆ ಕೆಂಪು. ಮೇಷ್ಟ್ರು ಮಿಕ್ಕವರದನ್ನು ಬರೆದಂತೆಯೇ ಅದನ್ನೂ ಬರೆದುಕೊಂಡರು, ಅದಕ್ಕಾಗಿ ಅವರಿಗೆ ನಾನು ಋಣಿ. ತಿಂಗಳ ಕೊನೆಯವರೆಗೆ ಕಾಯದೆ ಅಂದೇ ಆಸ್ಪತ್ರೆಗೆ ಹೋದೆವು. ಇನ್ಸುಲಿನ್ ಶುರುವಾಯಿತು. ಸೂಜಿ ಚುಚ್ಚುವುದನ್ನು ಮೇಷ್ಟ್ರು ನನಗೆ ಮೂಸಂಬಿಯ ಮೇಲೆ ಕಲಿಸಿದರು. ಮೊದಲ ದಿನ ನಾನು ಸೂಜಿ ಎತ್ತಿದಾಗ ಹಾಲಿನಮ್ಮ ಅತ್ತೆಯ ತೋಳು ಹಿಡಿದುಕೊಂಡು ನಿಂತರು. ಮಡಿಯ ಮಾತು ಯಾರ ಬಾಯಲ್ಲೂ ಬರಲಿಲ್ಲ. ಯುಗಾದಿಯ ಹೊತ್ತಿಗೆ ಹೆಬ್ಬೆರಳಿಗೆ ಹೊಸ ಚರ್ಮ ಬಂತು.

ಈಗ ನನಗೂ ಸಕ್ಕರೆ ಇದೆ. ಬೆರಳಿಗೆ ಚುಚ್ಚಿಕೊಂಡರೆ ಪುಟ್ಟ ಯಂತ್ರ ಲೆಕ್ಕ ಹೇಳುತ್ತದೆ. ಅಂಕಿ ಕಂಡು ಹೆದರಿಕೆಯಾದ ದಿನ ನನಗೆ ಆ ಬೆಂಚು ನೆನಪಾಗುತ್ತದೆ, ಅಲ್ಲಿ ಕೂತಿದ್ದವರೆಲ್ಲರ ಮೇಲೆ ಕೃತಜ್ಞತೆ ಉಕ್ಕಿ ಬರುತ್ತದೆ.

ಕಾಲು ವಾಸಿಯಾದ ಮೇಲೂ ಅತ್ತೆ ಗ್ಯಾರೇಜಿಗೆ ಹೋಗುವುದನ್ನು ಬಿಡಲಿಲ್ಲ. ಒಮ್ಮೆ ತಿಲಕನಗರದಿಂದ ಹೊಸಬರೊಬ್ಬರು ಬಂದರು. ಸೆರಗಿನಡಿ ಬಾಟಲಿ ಅವುಚಿಕೊಂಡು, ಒಳಗೆ ಬರಲೋ ಬೇಡವೋ ಎಂದು ಬಾಗಿಲಲ್ಲೇ ನಿಂತಿದ್ದರು. ಅತ್ತೆ ಹಾಲಿನಮ್ಮನ ಕಡೆಗೆ ಸರಿದು ಬೆಂಚಿನಲ್ಲಿ ಜಾಗ ಮಾಡಿದರು.

"ಬನ್ನಿ, ಕೂತ್ಕೊಳ್ಳಿ. ಏನೇ ಬಣ್ಣ ಬರ್ಲಿ, ನೀರು ಮಾತ್ರ ಬೆರೆಸ್ಬೇಡಿ. ನಾನು ಬೆರೆಸಿದ್ದೆ," ಎಂದರು. ಆಮೇಲೆ ಪಕ್ಕದಲ್ಲಿದ್ದ ಹಾಲಿನಮ್ಮನ ಮೊಣಕೈ ಹಿಡಿದು, "ಇವಳು ಅದನ್ನ ಹಿಡಿದಿದ್ದಕ್ಕೆ ಇವತ್ತು ನಡ್ಕೊಂಡು ಬಂದಿದೀನಿ," ಎಂದರು.