ರಸೂಲಬಿಯ ಸಂಚಿಯಲ್ಲಿದ್ದ ಕಡ್ಡಿಪೆಟ್ಟಿಗೆ

ರಸೂಲಬಿ ಬೆಂಕಿ ಹಚ್ಚಲಿಲ್ಲ. ಹಚ್ಚಿದಳೆಂದು ಊರೆಲ್ಲ ನಂಬುವಂತೆ ಮಾತಾಡಿದವಳು ನಾನು, ನೀಲವ್ವ. ಮುಂದಿನದನ್ನು ಓದದೆ ಬಿಟ್ಟರೂ ಇದಿಷ್ಟನ್ನು ಓದಿರಿ.

ನನಗೆ ಅಕ್ಷರ ಅಷ್ಟಕ್ಕಷ್ಟೇ. ಊರವರಿಗೆಂದು ಬರೆದ ಈ ಕಾಗದವನ್ನು ನಮ್ಮ ಓಣಿಯ ಟೀಚರಬಾಯಿ ತಿದ್ದಿ ಕೊಟ್ಟಿದ್ದಾಳೆ. "ಸ್ವಲ್ಪ ಮೆತ್ತಗ ಬರಿಯೂಣೇನು ಆಯಿ?" ಎಂದು ಕೇಳಿದಳು. ಬೇಡವೆಂದೆ.

ಮಿಲ್ಲು ಮುಚ್ಚಿ, ಯಂತ್ರಗಳೆಲ್ಲ ಗುಜರಿಗೆ ಹೋಗಿ ಎಷ್ಟೋ ವರ್ಷವಾಯಿತು. ಈಗ ಹಳೆಯ ಗೇಟಿನ ಪಕ್ಕ ದೊಡ್ಡ ಬೋರ್ಡು ನಿಲ್ಲಿಸಿದ್ದಾರೆ. ನಮ್ಮ ಕಾಲೊನಿಯ ಚರಿತ್ರೆಯಂತೆ. ಭೀಮೆಯ ದಂಡೆಯ ಬೀಳು ನೆಲದಲ್ಲಿ ಕಾಗದದ ಮಿಲ್ಲು ಕಟ್ಟಿದರು, ಸಾಲುಮನೆ ಕೊಟ್ಟರು, ನಳ ಕೊಟ್ಟರು, ಸಾಲಿ ಕೊಟ್ಟರು — ಕೊಟ್ಟರು, ಕೊಟ್ಟರು! ಬೀಳು ನೆಲವಂತೆ. ಅಲ್ಲಿ ನನ್ನ ಅಪ್ಪ ಕಡಲೆ ಬಿತ್ತುತ್ತಿದ್ದ. ಹಳ್ಳಕ್ಕೆ ಬಿಟ್ಟ ಕರಿನೀರು ಎಲ್ಲಿ ಬರೆದಿದ್ದಾರೆ? ಅದನ್ನು ಕುಡಿದು ಸತ್ತ ನಮ್ಮ ಎಮ್ಮೆ ಎಲ್ಲಿ? ಇರಲಿ. ಕೊನೆಯ ಸಾಲನ್ನು ಅಕ್ಷರ ಕೂಡಿಸಿ ಕೂಡಿಸಿ ಓದಿದೆ. 'ಕೂಲಿ ಹೆಂಗಸೊಬ್ಬಳ ನಿರ್ಲಕ್ಷ್ಯದಿಂದ ಬಣಿವೆಗಳಿಗೆ ಬೆಂಕಿ ಬಿದ್ದು, ಮಿಲ್ಲು ಮತ್ತೆ ಚೇತರಿಸಿಕೊಳ್ಳಲಿಲ್ಲ.'

ಮೈ ಉರಿಯಿತು. ಉರಿಯುವುದಕ್ಕೆ ನನಗೇನು ಹಕ್ಕು? ಆ ಸಾಲು ನಾನೇ ಕೊಟ್ಟದ್ದು.

ನಮ್ಮದು ಬಣಿವೆ ಒಟ್ಟುವ ಕೆಲಸ. ರಸ ಹಿಂಡಿದ ಕಬ್ಬಿನ ಸಿಪ್ಪೆ ಪೆಂಡಿ ಪೆಂಡಿಯಾಗಿ ಲಾರಿಯಲ್ಲಿ ಬರುತ್ತಿತ್ತು. ಅದೇ ಅರೆದು ಕಾಗದವಾಗುತ್ತಿತ್ತು. ಹಸಿ ಪೆಂಡಿಯನ್ನು ಬಿಸಿಲಿಗೆ ನಿಲ್ಲಿಸಿ ಒಣಗಿಸಬೇಕು, ಆಮೇಲೆ ಒಟ್ಟಬೇಕು. ಹಸಿದನ್ನೇ ಒಟ್ಟಿದರೆ ಒಳಗೊಳಗೇ ಕಾವು ಹುಟ್ಟುತ್ತದೆ. ಹೆಂಗಸರೆಲ್ಲರಿಗೂ ಗೊತ್ತಿದ್ದ ಮಾತು. ಚಳಿಗಾಲದಲ್ಲಿ ಆ ಕಾವು ನಮಗೆ ಬೇಕಾಗಿಯೂ ಇತ್ತು — ಮುಂಜಾನೆ ತಂದ ಜೋಳದ ರೊಟ್ಟಿಯ ಗಂಟನ್ನು ಬಣಿವೆಯ ಸಂದಿಗೆ ತುರುಕಿದರೆ ಮಧ್ಯಾಹ್ನಕ್ಕೆ ಈಗಷ್ಟೇ ಬಡಿದ ಹಾಗೆ ಬೆಚ್ಚಗಿರುತ್ತಿತ್ತು. ಬಣಿವೆಯೇ ನಮ್ಮ ಒಲೆ.

ಹೆಂಗಸರ ಗುಂಪಿಗೆ ನಾನು ಮುಂದಾಳು. ಬೆಂಕಿ ಬಿದ್ದ ವರ್ಷ ಒಂದು ವಾರ ಅಕಾಲದಲ್ಲಿ ಮಳೆಯಾಗಿ ಪೆಂಡಿಗಳೆಲ್ಲ ನೆಂದು ಬಂದವು. ಕೂಲಿಗಳ ಮೇಲಿನ ಮುಕಾದಮ "ಲಾರಿ ಸಾಲಾಗಿ ನಿಂತಾವ, ಸಾಹೇಬರು ಒದರಾಕತ್ಯಾರ. ಹಂಗ ಒಟ್ಟಬೇ ನೀಲವ್ವ" ಎಂದ. ಒಟ್ಟಿಸಿದೆ. ಅಷ್ಟೇ ಅಲ್ಲ — ಹಸಿದನ್ನು ಒಳಗಿಟ್ಟು ಒಣಗಿದ್ದನ್ನು ಹೊರಮೈಗೆ ಒಟ್ಟಿಸಿದೆ, ನೋಡಿದವರಿಗೆ ಕಾಣದಿರಲಿ ಎಂದು. ಆ ಜಾಣತನ ಮುಕಾದಮ ಕಲಿಸಿದ್ದಲ್ಲ, ನನ್ನದೇ.

ರಸೂಲಬಿಯೂ ನಮ್ಮ ಗುಂಪಿನವಳೇ. ಬಿಡುವಿನ ಹೊತ್ತಿನಲ್ಲಿ ಗೋಡೆಯಾಚೆ ಒಲೆ ಹೂಡಿ ಎಲ್ಲರಿಗೂ ಚಹಾ ಕಾಸಿ ಕೊಡುತ್ತಿದ್ದಳು. ಅದಕ್ಕೇ ಅವಳ ಸೊಂಟದ ಸಂಚಿಯಲ್ಲಿ ಎಲೆ ಅಡಕೆಯ ಜೊತೆ ಕಡ್ಡಿಪೆಟ್ಟಿಗೆ ಇರುತ್ತಿತ್ತು. ಹಾಗೆ ಒಟ್ಟಿದ ಮೇಲೆ ಒಂದು ಮಧ್ಯಾಹ್ನ ನಾವಿಬ್ಬರೂ ಬಣಿವೆಯಿಂದ ರೊಟ್ಟಿಯ ಗಂಟು ಎಳೆದೆವು. ಅರಿವೆ ಕಂದಿತ್ತು. ರೊಟ್ಟಿಯ ಅಂಚು ಕರಕಲಾಗಿತ್ತು.

"ಯಾ ಅಲ್ಲಾ! ನೀಲಿ, ಬಣಿವಿ ಒಳಗ ಬೆಂಕಿ ಕುಂತದ. ನಡಿ, ಸಾಹೇಬರಿಗಿ ಹೇಳೂಣು."

"ಸುಮ್ಮ ಕೂಡಬೇ. ಸುಟ್ಟ ರೊಟ್ಟಿ ತಿಂದ್ರ ಹಲ್ಲು ಗಟ್ಟಿ ಆಗ್ತಾವ" ಎಂದು ನಕ್ಕೆ. ಬಣಿವೆ ಕೆಡವಿದರೆ ಒಳಗಿನ ಹಸಿ ಪೆಂಡಿ ಕಾಣುತ್ತಿತ್ತಲ್ಲ. ಅವಳು ಎದ್ದಳು, ಕೈ ಹಿಡಿದು ಕೂಡಿಸಿದೆ. ಗುಂಪಿನ ಮುಂದಾಳಿನ ಮಾತು, ಕೂತಳು.

ಅವತ್ತೇ ಹೊತ್ತು ಇಳಿಯುವಾಗ ಬಣಿವೆ ಬಾಯಿ ತೆರೆಯಿತು. ಒಂದರಿಂದ ಒಂದಕ್ಕೆ ಹಾರಿ ಅಂಗಳವೆಲ್ಲ ಹೊತ್ತಿತು. ಜೀವ ಹೋಗಲಿಲ್ಲ, ಅಷ್ಟೇ ಪುಣ್ಯ. ಮಿಲ್ಲು ನಿಂತಿತು, ಮನೆ ಮನೆಯ ಒಲೆಯೂ ನಿಂತಿತು.

ವಿಚಾರಣೆಗೆ ಕೂತಾಗ ರಸೂಲಬಿ ಇದ್ದದ್ದನ್ನೇ ಹೇಳಿದಳು. ಮಿಲ್ಲಿನ ಸಾಹೇಬರು ನನ್ನ ಕಡೆ ತಿರುಗಿ "ಬಣಿವೆ ಮೊದಲೇ ಬಿಸಿಯಾಗಿತ್ತಂತೆ, ಹೌದೇನು?" ಎಂದರು.

"ಇಲ್ರಿ" ಎಂದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. "ಆಕಿ ಸಂಚ್ಯಾಗ ಕಡ್ಡಿಪೆಟ್ಟಿಗಿ ಇರ್ತದ್ರಿ."

ಆ ಎರಡನೆಯ ಮಾತು ಸುಳ್ಳಲ್ಲ ನೋಡಿರಿ. ನನ್ನ ಜನ್ಮದಲ್ಲಿ ಅದಕ್ಕಿಂತ ಕೆಟ್ಟ ಮಾತು ಆಡಿಲ್ಲ.

ಸಾಹೇಬರಿಗೆ ಗೊತ್ತಿರಲಿಲ್ಲವೇ? ನೆಂದ ಪೆಂಡಿ ಇಳಿಸಿಕೊಳ್ಳಿ ಎಂದವರು ಅವರೇ. ಅವರಿಗೆ ಒಂದು ಹೆಸರು ಬೇಕಿತ್ತು — ತಿರುಗಿ ಬೀಳದಂಥ ಹೆಸರು. ನಾನು ಎತ್ತಿ ಕೊಟ್ಟೆ. ರಸೂಲಬಿಗೆ ನಳದಲ್ಲಿ ನೀರು ಹಿಡಿಯಲೂ ಬಿಡಲಿಲ್ಲ ನಮ್ಮ ಹೆಂಗಸರು. ಅವಳ ಸಾಮಾನು ಬೀದಿಗೆ ಬಿತ್ತು. ಅವಳ ಸಾಲುಮನೆಯನ್ನು ಮಿಲ್ಲಿನವರು ಯಾರಿಗೆ ಕೊಟ್ಟರು? ನನಗೆ. ನಾನು ಬೇಡವೆನ್ನಲಿಲ್ಲ. ಹಿತ್ತಲಲ್ಲಿ ಅವಳು ಹಚ್ಚಿದ ಮದರಂಗಿ ಗಿಡದ ಎಲೆ ಅರೆದು ನನ್ನ ಮಗಳ ಮದುವೆಗೆ ಕೈಗೆ ಹಚ್ಚಿದೆ. ಕೆಂಪಗೆ ಹತ್ತಿತು.

ಬೋರ್ಡು ಓದಿದ ಮೇಲೆ ಬಸ್ಸು ಹತ್ತಿ ಜೇವರ್ಗಿಗೆ ಹೋದೆ. ರಸೂಲಬಿ ಅಲ್ಲಿ ಮಗನ ಮನೆಯಲ್ಲಿದ್ದಾಳೆ, ಕಣ್ಣು ಮಂಜು. ದನಿಯಿಂದಲೇ ಗುರುತು ಹಿಡಿದಳು.

"ನೀಲಿಯೇನು? ಇನ್ನಾ ಸತ್ತಿಲ್ಲೇನಬೇ?"

"ಸತ್ತಿಲ್ಲ."

"ನನ್ನ ಮದರಂಗಿ ಗಿಡ ಅದನೋ, ಕಡದಿಯೋ?"

"ಅದ... ತಪ್ಪಾತು ರಸೂಲಬಿ."

ಅವಳು ಗದರಿದಳು. "ನನಗ್ಯಾಕ ಹೇಳ್ತಿ? ನಾ ಹಚ್ಚಿಲ್ಲಂತ ನನಗ ಗೊತ್ತಿಲ್ಲೇನು? ಗೊತ್ತಿಲ್ದವರಿಗಿ ಹೇಳು, ಹೋಗು."

ಮಿಲ್ಲಿಗೆಲ್ಲ ಚಹಾ ಕುಡಿಸಿದ ಹೆಣ್ಣು ನನಗೆ ನೀರೂ ಕೊಡಲಿಲ್ಲ. ಸರಿಯಾಗಿಯೇ ಮಾಡಿದಳು.

ಬೋರ್ಡು ನಿಲ್ಲಿಸಿದವರ ಹತ್ತಿರ ಹೋದೆ. "ಹಳೀ ಮಾತು ಯಾಕ ಕೆದರ್ತಿ ಮುದುಕಿ? ಪೇಂಟ್ ಒಣಗ್ಯಾದ" ಎಂದರು. ಪೇಂಟು ಒಣಗಿದರೆ ಸುಳ್ಳು ನಿಜವಾಗುತ್ತದೆಯೇನು?

ಆ ಸಾಲಿನ ಮೇಲೆ ಯಾರೋ ಸಗಣಿ ಬಳಿದಿದ್ದಾರೆಂದು ಈಗ ಸಾಲಿ ಹುಡುಗರನ್ನು ಹಿಡಿದು ಗದರಿಸುತ್ತಿದ್ದಾರಂತೆ. ಹುಡುಗರನ್ನು ಬಿಡಿರಿ. ಬಳಿದವಳು ನಾನು. ನನ್ನದನ್ನು ಇನ್ನೊಬ್ಬರ ತಲೆಗೆ ಕಟ್ಟಿದ್ದು ಒಂದು ಸಲಕ್ಕೇ ಸಾಕು. ತೊಳೆದರೆ ಮತ್ತೆ ಬಳಿಯುತ್ತೇನೆ. ಇಲ್ಲವೇ ಆ ಸಾಲು ಅಳಿಸಿ ನಡೆದದ್ದನ್ನು ಬರೆಯಿರಿ — ಹಸಿ ಪೆಂಡಿ ಇಳಿಸಿಕೊಂಡವರ ಹೆಸರು, ಒಟ್ಟಿಸಿದವಳ ಹೆಸರು, ಸುಳ್ಳು ಹೇಳಿದವಳ ಹೆಸರು. ಕಡೆಯ ಎರಡು ಒಂದೇ ಹೆಸರು, ನೀಲವ್ವ.

ಬರೆದ ದಿನ ಬಂದು ನೋಡುತ್ತೇನೆ. ನನ್ನ ಹೆಸರು ಓದಲು ನನಗೆ ಬರುತ್ತದೆ.